ಪಿಕಪ್‌ಗೆ ಬಳಿದ ವಿಭೂತಿ

ರಾಜೀವನಗರ, ಮೈಸೂರು

ಪೂಜ್ಯ ದೊಡ್ಡಪ್ಪನವರಿಗೆ ನಮಸ್ಕಾರ.

ನನ್ನನ್ನು ಕೇಳದೆ ಬನ್ನಿಮಂಟಪದ ಆ ಹಳೇ ಪಿಕಪ್‌ಗೆ ಮಾತು ಕೊಟ್ಟು ತಾಂಬೂಲ ತೆಗೆದುಕೊಂಡಿರಂತೆ. "ಚಾಸಿಗೂ ವಿಭೂತಿ ಬಳ್ದವ್ನೆ, ಮಾರೋನು ಒಳ್ಳೇ ಶಿವಭಕ್ತ ಕಣಮ್ಮ" ಎಂದು ಅಮ್ಮನಿಗೆ ಹೇಳಿದಿರಂತೆ. ಇವತ್ತು ನಾನೇ ಹೋಗಿ, ಗಾಡಿಯ ಕೆಳಗೆ ಮಲಗಿ ಆ ವಿಭೂತಿ ಒರೆಸಿದೆ. ಅದರಡಿಯಲ್ಲಿ, ಗಾಡಿಯ ಭಾರವೆಲ್ಲ ಹೊರುವ ಚಾಸಿಯೇ ಬಿರುಕು ಬಿಟ್ಟಿದೆ. ತರಕಾರಿ ಲೋಡ್ ಹೇರಿದರೆ ನಡುರಸ್ತೆಯಲ್ಲೇ ಮುರಿಯುತ್ತದೆ. ಓಡಿಸುವವಳು ನಾನು, ನೀವಲ್ಲ.

ನಾಳೆಯೇ ಹೋಗಿ ತಾಂಬೂಲ ವಾಪಸ್ ಕೊಡಿ. "ಕೊಟ್ಟ ಮಾತು ಮುರಿಯೋದು ಹೆಂಗಮ್ಮ" ಎನ್ನಬೇಡಿ. ಹಿಂದೆ ಗಂಡಿನ ಹಣೆಯ ವಿಭೂತಿ ನೋಡಿಯೇ ನನ್ನ ಮದುವೆಗೂ ಮಾತು ಕೊಟ್ಟು ಬಂದಿರಿ. ಆ ಮಾತು ಮುರಿಯಬಾರದೆಂದು ಅವನ ಒದೆ ತಿಂದವಳು ನಾನು.

ಮುಂದಿನ ಪಿಕಪ್ ನಾನೇ ನೋಡುತ್ತೇನೆ. ನೀವು ಪೂಜೆಯ ದಿನ ಚಕ್ರಕ್ಕಿಡಲು ನಿಂಬೆಹಣ್ಣು ತನ್ನಿ, ಅಷ್ಟು ಸಾಕು.

ನಿಮ್ಮ ತಮ್ಮನ ಮಗಳು,
ದಾಕ್ಷಾಯಿಣಿ