ಟೈರಿನ ಮೇಲಿನ ಸೀಮೆಸುಣ್ಣ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ. ನೀನು ಇದ್ದಾಗ ಫೋನಿನಲ್ಲೇ ಹೇಳಬಹುದಿತ್ತು, ಬಾಯಿ ಬರಲಿಲ್ಲ. ಅಲ್ಲೂ ಅಕ್ಷರ ಬಲ್ಲವರು ಯಾರನ್ನಾದರೂ ಹಿಡಿದು ಕೂರಿಸಿಕೊಂಡು ಓದಿಸದೆ ಬಿಡುವವಳೇ ನೀನು?

ನೀನು ಈ ಪರದೇಶಕ್ಕೆ ಬಂದ ಮೂರನೆಯ ದಿನ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಸಾಲಾಗಿ ನಿಂತಿದ್ದ, ಒಳಗೇ ಒಲೆ-ಹಾಸಿಗೆ ಇರುವ ಆರ್‌ವಿ ಗಾಡಿಗಳನ್ನು ನೋಡಿ, “ಇದೇನೇ, ಬಸ್ ಸ್ಟ್ಯಾಂಡಾ?” ಎಂದೆ. ಬಾಡಿಗೆ ಕಟ್ಟಲಾಗದವರು ಅದರೊಳಗೇ ಸಂಸಾರ ಮಾಡುತ್ತಾರೆ ಎಂದು ನಾನು ಹೇಳಿದೆ. ನೀನು ಒಂದೊಂದು ‘ಬಸ್ಸಿನ ಮನೆ’ಯ ಮುಂದೂ ನಿಂತು, ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ, ಮೆಟ್ಟಿಲ ಬಳಿ ಡಬ್ಬದಲ್ಲಿ ಬೆಳೆದ ಕೊತ್ತಂಬರಿ ಎಲ್ಲ ನೋಡಿ, “ನಮ್ ಕೇರಿ ಇದ್ದಂಗೇ ಅದೆ ಕಣೇ” ಎಂದೆ. ನಾನು ಆಚೀಚೆ ನೋಡಿದೆ. ಯಾರಿಗಾದರೂ ಕೇಳಿಸಿಬಿಟ್ಟರೆ? ಇಲ್ಲಿನ ಕನ್ನಡದವರಿಗೆಲ್ಲ ನಾವು ಮಲ್ಲೇಶ್ವರಂನವರು ಎಂದು ಹೇಳಿಕೊಂಡಿದ್ದೆನಲ್ಲ.

ಆಮೇಲೆ ಆ ಸೀಮೆಸುಣ್ಣದ ದಿನ. ಡೇಕೇರಿನಲ್ಲಿ ಊರವರ ಮಕ್ಕಳನ್ನು ನೋಡಿಕೊಳ್ಳುವ ರೋಸಾಳ ಆರ್‌ವಿಯ ಟೈರಿನ ಮೇಲೆ ಬಿಳಿ ಗೆರೆ. ನಗರಸಭೆಯವರು ಎಳೆದು ಹೋಗುತ್ತಾರೆ. ಮೂರು ದಿನ ಬಿಟ್ಟು ಬಂದಾಗ ಗೆರೆ ಹಾಗೇ ಇದ್ದರೆ ಗಾಡಿ ಕದಲಿಲ್ಲ ಎಂದರ್ಥ, ಎಳೆದುಕೊಂಡು ಹೋಗಬಹುದು. ನಾನು ವಿವರಿಸುವ ಮೊದಲೇ ನಿನಗೆ ಅರ್ಥವಾಗಿತ್ತು. “ಗೆರೆ ಎಳ್ದವ್ರೆ ಅಂದ್ರೆ ಒಡೆಯೋಕ್ ಬತ್ತಾರೆ.” ಬೆಂಗಳೂರಿನ ನಮ್ಮ ಕೇರಿಯಲ್ಲಿ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಇಪ್ಪತ್ತೇಳು ಎಂದು ಬರೆದು ಹೋಗಿದ್ದರು. ಮುಂದಿನ ವಾರ ಬುಲ್ಡೋಜರು ಬಂತು. ಒಂಬತ್ತು ವರ್ಷದ ನಾನು ಕೊಡಪಾನ ತಬ್ಬಿಕೊಂಡು ನಿಂತಿದ್ದೆ. ಅವತ್ತು ಬಣ್ಣ ಅಳಿಸಲಾಗಲಿಲ್ಲವೆಂಬ ಸಿಟ್ಟನ್ನೆಲ್ಲ ಸೆರಗಿನ ತುದಿಗೆ ತಂದುಕೊಂಡು ನೀನು ಆ ಟೈರು ಒರೆಸಿದೆ. ಅದೊಂದೇ ಅಲ್ಲ, ಇಡೀ ಸಾಲಿನದ್ದು! “ಅವ್ವಾ, ನನ್ನ ಮಾನ ಕಳೀಬೇಡ, ಬಾ ಒಳಗೆ” ಎಂದು ರೇಗಿದೆ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ನಿನ್ನ ದವಡೆ ಮಾತ್ರ ಗಟ್ಟಿಯಾಗಿತ್ತು.

ಮಾರನೆಯ ಬೆಳಗ್ಗೆ ನೀನು ರೋಸಾಳ ಮೆಟ್ಟಿಲ ಮುಂದೆ ರಂಗೋಲಿ ಹಾಕಿದೆ. ಪಾಪ, ಅವಳು ಬಾಗಿಲು ತೆಗೆದವಳೇ ಬಿಳಿ ಗೆರೆ ನೋಡಿ, ಈಗ ನೆಲಕ್ಕೂ ಗುರುತು ಹಾಕಿದರಲ್ಲಪ್ಪ ಎಂದು ಗಾಡಿ ಸ್ಟಾರ್ಟ್ ಮಾಡಿಯೇಬಿಟ್ಟಳು. ನೀನು ಎರಡೂ ಕೈ ಬೀಸುತ್ತಾ ಮುಂದೆ ಓಡಿದೆ. “ನಂದು ಕಣಮ್ಮೋ! ನಾನೇ ಹಾಕಿದ್ದು!” ಅವಳಿಗೆ ಕನ್ನಡ ಬಾರದು, ನಿನಗೆ ಸ್ಪ್ಯಾನಿಶ್ ಬಾರದು. ಇಬ್ಬರೂ ಆಮೇಲೆ ಎಷ್ಟು ನಕ್ಕಿರಿ! ಅವತ್ತಿನಿಂದ ಅವಳ ಡಬ್ಬದ ಕೊತ್ತಂಬರಿ ನಮ್ಮ ಸಾರಿಗೆ ಬೀಳತೊಡಗಿತು.

ನಿನ್ನ ಮೊಮ್ಮಗಳು ದಿಶಾ ಶಾಲೆಗೆಂದು ಪೋಸ್ಟರ್ ಮಾಡುತ್ತಿದ್ದಳು, ನೆನಪಿದೆಯಾ? ವಿಕ್ಟೋರಿಯಾ ರಾಣಿಯ ಕಾಲದ ಲಂಡನ್. ಕೊಳಕು ಓಣಿಗಳನ್ನು ಕೆಡವಿ ಅಗಲವಾದ ರಸ್ತೆ ಮಾಡಿದ ಚಿತ್ರ. ಒಂದು ಕಡೆ ‘ಮೊದಲು’, ಇನ್ನೊಂದು ಕಡೆ ‘ನಂತರ’. ನೀನು ಆ ‘ನಂತರ’ದ ಮೇಲೆ ಬೆರಳಿಟ್ಟು, “ಈ ಜನ ಎಲ್ಗೋದ್ರು ಮಗಾ?” ಎಂದು ಕೇಳಿದೆ. “ಐ ಡೋಂಟ್ ನೋ ಅಜ್ಜಿ. ಬುಕ್ಕಲ್ಲಿ ಇಲ್ಲ.” ನೀನು ಅಡುಗೆಮನೆಗೆ ಬಂದು ನನ್ನನ್ನೂ ಕೇಳಿದೆ. ನಾನು ಕುಕ್ಕರು ಕೂಗುತ್ತಿದೆ ಎಂಬ ನೆಪ ಮಾಡಿಕೊಂಡೆ.

ಯಾಕೆ ಗೊತ್ತಾ? ಆ ವಾರವೇ ನಮ್ಮ ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಅರ್ಜಿ ಬಂದಿತ್ತು. ಹಿಂದಿನ ರಸ್ತೆಯಿಂದ ಆರ್‌ವಿಗಳನ್ನು ತೆಗೆಸಬೇಕು ಎಂದು. ನಾನು ಅದಕ್ಕೆ ಸಹಿ ಹಾಕಿದ್ದೆ. ರೋಸಾಳ ಕೊತ್ತಂಬರಿ ತಿಂದ ಬಾಯಲ್ಲಿ... ನೀನು ಊರಿಗೆ ಹೋದೆ, ಆರು ತಿಂಗಳಿಗೆ ಈ ಲೋಕದಿಂದಲೇ ಹೊರಟು ಹೋದೆ, ನಾನು ಹೇಳಲೇ ಇಲ್ಲ. ಈಗ ಹೇಳುತ್ತಿದ್ದೇನೆ. ಬೈಯಿ.

ಹೋದ ತಿಂಗಳು ಆ ಅರ್ಜಿ ನಗರಸಭೆಯ ಮುಂದೆ ಬಂತು. ಪರದೆಯ ಮೇಲೆ ನಕ್ಷೆ ತೋರಿಸಿದರು. ರಸ್ತೆ ಖಾಲಿ, ಸೈಕಲ್ ದಾರಿಗೆ ಹಸಿರು ಬಣ್ಣ. ದಿಶಾಳ ಪೋಸ್ಟರಿನ ‘ನಂತರ’ ಅದೇ! ಮಾತಾಡಲು ಎರಡು ನಿಮಿಷ ಕೊಡುತ್ತಾರೆ. ನಾನು ಎದ್ದು ನನ್ನ ಸಹಿ ವಾಪಸ್ ತೆಗೆದುಕೊಂಡೆ. ನಾನು ಸ್ಲಮ್ಮಿನಲ್ಲಿ ಹುಟ್ಟಿದವಳು, ನಮ್ಮ ಮನೆಯನ್ನೂ ಹೀಗೇ ಕೆಡವಿದರು, ಈ ಜನ ಎಲ್ಲಿಗೆ ಹೋಗುತ್ತಾರೆ, ಹೇಳಿ ಎಂದು ಕೇಳಿದೆ. ಅದು ಇಂದಿನ ವಿಷಯವಲ್ಲ ಎಂದರು. ಇನ್ಯಾವತ್ತಿನ ವಿಷಯ ಅವ್ವಾ?

ಹೊರಗೆ ಪಾರ್ಕಿಂಗಿನಲ್ಲಿ ನಮ್ಮ ಕಾಲೊನಿಯ ಹಾಸನದವರೊಬ್ಬರು ಸಿಕ್ಕಿ, “ಏನ್ರೀ, ನೀವು ಮಲ್ಲೇಶ್ವರಂ ಅಂದಿದ್ರಲ್ಲ?” ಎಂದರು.

“ಮಲ್ಲೇಶ್ವರಂ ಮನೆಗಳಲ್ಲಿ ಪಾತ್ರೆ ತೊಳೆದವಳ ಮಗಳು ರೀ ನಾನು,” ಎಂದೆ.

ಎಷ್ಟು ಹಗುರವಾಯಿತು ಗೊತ್ತಾ! ಇಪ್ಪತ್ತು ವರ್ಷ ಈ ಒಂದು ವಾಕ್ಯಕ್ಕೆ ಹೆದರಿಕೊಂಡು ಬದುಕಿದ್ದೆನಲ್ಲ, ಥೂ.

ಗೆದ್ದೆವಾ ಎಂದು ಕೇಳುತ್ತೀಯ. ಇಲ್ಲ. ಗಾಡಿ ನಿಲ್ಲಿಸಬಾರದೆಂದು ಬೋರ್ಡು ನೆಟ್ಟರು, ಸಾಲು ಚದುರಿತು. ಕೆಲವರು ಸಾಂಟಾ ಕ್ಲಾರಾ ಕಡೆ ಹೋದರಂತೆ, ಕೆಲವರು ಎಲ್ಲಿಗೋ. ಆ ಭಾನುವಾರ ಗಿರೀಶ ತಮ್ಮ ಕಾರನ್ನು ನಮ್ಮ ಮನೆ ಮುಂದಿನ ಡ್ರೈವ್‌ವೇಯಿಂದ ತೆಗೆದು ರಸ್ತೆಗೆ ಹಾಕಿದರು. ನಿನ್ನ ಅಳಿಯ ಬಾಯಿ ಬಿಡುವುದೇ ಕಡಿಮೆ. “ಜಾಗ ಆಯ್ತು, ರೋಸಾನ ಕರಿ” ಎಂದರು ಅಷ್ಟೆ.

ನಿನ್ನೆ ಕಾಲೊನಿಯ ಅಸೋಸಿಯೇಷನ್ನಿನವರು ನಮ್ಮ ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ರೋಸಾಳ ಗಾಡಿ ತೆಗೆಯದಿದ್ದರೆ ಹಾಗೆ ಮಾಡುತ್ತೇವೆ, ಹೀಗೆ ಮಾಡುತ್ತೇವೆ ಎಂದು. ಅಂಟಿಸಿಕೊಳ್ಳಲಿ. ನಮ್ಮ ಬಾಗಿಲಿಗೆ ಬರೆದು ಹೋದವರನ್ನು ನಾನು ಒಂಬತ್ತನೇ ವಯಸ್ಸಿಗೇ ನೋಡಿದ್ದೇನೆ. ಇವತ್ತು ಬೆಳಗ್ಗೆ ದಿಶಾ ಆ ನೋಟೀಸಿನ ಕೆಳಗೇ ರಂಗೋಲಿ ಹಾಕಿದ್ದಾಳೆ, ಸೊಟ್ಟಪಟ್ಟ. ರೋಸಾ ಅದನ್ನು ದಾಟಿಕೊಂಡು ಕೊತ್ತಂಬರಿ ತಂದುಕೊಟ್ಟಳು.

ಆ ಜನ ಎಲ್ಲಿಗೆ ಹೋದರು ಎಂದು ಕೇಳಿದ್ದೆಯಲ್ಲ ಅವ್ವಾ. ಎಲ್ಲರದ್ದೂ ನನಗೆ ಗೊತ್ತಿಲ್ಲ. ರೋಸಾ ಮಾತ್ರ ಎಲ್ಲಿಗೂ ಹೋಗಿಲ್ಲ.

ನಿನ್ನ ಮಗಳು,
ಇಪ್ಪತ್ತೇಳನೇ ನಂಬರಿನ ಮನೆಯವಳು