ಪರದೆ ಹೊಲಿದವಳ ಅಹವಾಲು

ನಮ್ಮ ಶಾಲೆಗಳ ಮೇಲಧಿಕಾರಿಗಳಿಗೆ,

ಮಾನ್ಯರೇ, ಕಳೆದ ತಿಂಗಳು ತಾವು ಹೊರಡಿಸಿದ ಆದೇಶವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳುವುದಕ್ಕೇ ಈ ಪತ್ರ. ಹೆಣ್ಣುಮಕ್ಕಳು ಸೈಬರ್ ಸೆಂಟರಿಗೆ ಹೋಗಬಾರದು, ಶಾಲೆಯ ಕಂಪ್ಯೂಟರ್ ಕೋಣೆಗೂ ಕಾಲಿಡಬಾರದು ಎಂದು ಬರೆದಿದ್ದೀರಿ. ‘ಪೋಷಕರ ಹಿತದೃಷ್ಟಿಯಿಂದ’ ಎಂಬ ಮಾತನ್ನೂ ಸೇರಿಸಿದ್ದೀರಿ. ಆ ಆದೇಶ ಹುಟ್ಟಿದ್ದೇ ನನ್ನ ಮಗಳಿಂದ. ಆದ್ದರಿಂದ ನನ್ನ ಹಿತ ಯಾವುದೆಂದು ಹೇಳುವ ಹಕ್ಕು ನನಗೂ ಸ್ವಲ್ಪ ಇರಬಹುದು ಅಂದುಕೊಂಡಿದ್ದೇನೆ.

ನಾನು ಕೊಟ್ಟಿಗೆಹಾರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವವಳು. ಮಕ್ಕಳ ಯೂನಿಫಾರಂ, ಎಸ್ಟೇಟ್ ಕೆಲಸದವರಿಗೆ ಮಳೆಗಾಲದ ಪ್ಲಾಸ್ಟಿಕ್ ಕೊಪ್ಪೆ, ಹೀಗೆ ಬಂದದ್ದನ್ನು ಹೊಲಿಯುತ್ತೇನೆ. ಎರಡು ವರ್ಷದ ಹಿಂದೆ, 2005ರಲ್ಲಿ, ಮೂಡಿಗೆರೆಯಲ್ಲಿ ಸೈಬರ್ ಸೆಂಟರ್ ತೆರೆದವರೊಬ್ಬರು ಆರು ಕ್ಯಾಬಿನ್‌ಗಳಿಗೆ ಪರದೆ ಬೇಕೆಂದು ಬಂದರು. ಹೊರಗಿನಿಂದ ಏನೂ ಕಾಣಬಾರದು ಅಂದರು. ದಪ್ಪ ಬಟ್ಟೆಗೆ ಒಳಪದರ ಕೊಟ್ಟು, ನೆಲ ಮುಟ್ಟುವಂತೆ ಹೊಲಿದುಕೊಟ್ಟೆ. ಏಕೆ ಕಾಣಬಾರದು ಎಂದು ಕೇಳಲಿಲ್ಲ. ಈ ಅಪರಾಧವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಮಗೆ ವಿಚಾರಣೆಯ ಶ್ರಮ ಬೇಡ.

ಈ ವರ್ಷ ಜೂನ್‌ನಲ್ಲಿ ತಮ್ಮ ಮೊದಲ ಆದೇಶ ಬಂತು. ಎಂಟನೆಯ ತರಗತಿಯ ಪ್ರತಿ ಮಗುವೂ ಇಂಟರ್‌ನೆಟ್‌ನಿಂದ ಮಾಹಿತಿ ತಂದು ಪ್ರಾಜೆಕ್ಟ್ ಮಾಡಬೇಕು, ಪೋಷಕರು ‘ಸೂಕ್ತ ಮೇಲ್ವಿಚಾರಣೆ’ ಮಾಡತಕ್ಕದ್ದು. ಶಾಲೆಯ ಕಂಪ್ಯೂಟರ್ ಬಂದ ದಿನದಿಂದ ಹೊದಿಕೆಯೊಳಗೇ ಇದೆ. ಆ ಹೊದಿಕೆಯೂ ನನ್ನದೇ ಹೊಲಿಗೆ. ಇನ್ನು ಒಮ್ಮೆಯೂ ಮೌಸ್ ಮುಟ್ಟದ ನಾನು, ಆಳುಗಳ ಹಾಜರಿ ಬರೆಯುವ ಎಸ್ಟೇಟ್ ರೈಟರ್ ಆಗಿ ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿರುವ ನನ್ನ ಗಂಡ, ಇಬ್ಬರೂ ಏನನ್ನು ಮೇಲ್ವಿಚಾರಣೆ ಮಾಡಬೇಕಿತ್ತು ಸ್ವಾಮಿ? ಶಾಲೆಯಿಂದ ಬಂದ ಕಾಗದ ಎಂದು ಕಣ್ಣು ಮುಚ್ಚಿ ಸಹಿ ಹಾಕಿ ಕಳಿಸಿದೆವು.

ನಮ್ಮ ಪಂಚಮಿಗೆ ಹದಿಮೂರು ವರ್ಷ. ಶನಿವಾರ ಮೂಡಿಗೆರೆಯ ಶಾಲೆ ಬಿಟ್ಟ ಮೇಲೆ ಆ ಪರದೆಯ ಹಿಂದೆ ಕೂತು ಪ್ರಾಜೆಕ್ಟ್ ಮಾಡುತ್ತಿದ್ದಳು. ಚಾಟ್‌ನಲ್ಲಿ ಒಬ್ಬಳು ಗೆಳತಿ ಸಿಕ್ಕಿದಳು, ಹತ್ತನೆಯ ತರಗತಿಯವಳಂತೆ. ಯಾವೂರು, ಯಾರ ಮನೆ ಎಂದು ಆ ‘ಗೆಳತಿ’ ಕೇಳಿದಳು. ನಮ್ಮ ಕಡೆ ದೊಡ್ಡವರು ಕೇಳುವ ಮೊದಲ ಪ್ರಶ್ನೆಯೇ ಅದು. ಕೇಳಿದರೆ ತಲೆ ತಗ್ಗಿಸಿ ನಿಲ್ಲಬೇಡ, ಅಪ್ಪನ ಹೆಸರು, ಮನೆ, ಎಲ್ಲ ಸರಿಯಾಗಿ ಹೇಳು ಎಂದು ಕಲಿಸಿದವಳು ನಾನು. ಮಗಳು ಹಾಗೆಯೇ ಮಾಡಿದಳು. ಅಪ್ಪನ ಹೆಸರು, ನನ್ನ ಅಂಗಡಿ, ಯಾವ ಬಸ್ಸಿಗೆ ಬಂದು ಎಲ್ಲಿ ಇಳಿಯುತ್ತಾಳೆ, ಎಲ್ಲವನ್ನೂ ಮರ್ಯಾದೆಯಿಂದ ಬರೆದಳು.

ಜುಲೈನ ಒಂದು ಸಂಜೆ ಕೊಟ್ಟಿಗೆಹಾರದ ಬಸ್‌ಸ್ಟಾಪಿನಲ್ಲಿ ನಲವತ್ತು ದಾಟಿದ ಒಬ್ಬ ಮನುಷ್ಯ ಬಂದು ನಿಂತ. ಎದುರಿನ ಹೋಟೆಲಿನ ಲಕ್ಕಯ್ಯನವರು ಎರಡು ಬಸ್ಸು ಹೋಗುವವರೆಗೆ ನೋಡಿದರು. ಅವನು ಹತ್ತಲಿಲ್ಲ. ಮೂರನೆಯ ಬಸ್ಸಿನಿಂದ ಪಂಚಮಿ ಇಳಿದಳು. ಅವನು ಅವಳ ಹೆಸರು ಹಿಡಿದು ಕರೆದ. ಲಕ್ಕಯ್ಯನವರು ಲೋಟ ಕೆಳಗಿಟ್ಟು ಹೋಗಿ ಅದೇ ನಮ್ಮ ಹಳೆಯ ಪ್ರಶ್ನೆ ಕೇಳಿದರು.

“ಯಾರ ಮನೆಗೆ ಬಂದದ್ದು ಮಾರಾಯ್ರೆ?”

ಅವನು ಪಂಚಮಿಯನ್ನು ಬಿಟ್ಟು ರಸ್ತೆಗೆ ಇಳಿದ. ಘಟ್ಟ ಇಳಿಯುವ ಜೀಪೊಂದನ್ನು ಹತ್ತಿ ಹೋದ. ಜೀಪಿನ ನಂಬರ್ ಯಾರೂ ನೋಡಿರಲಿಲ್ಲ. ದೂರು ಕೊಟ್ಟೆವು, ಬರೆದುಕೊಂಡರು. ಇವತ್ತಿಗೂ ಮೂರನೆಯ ಬಸ್ಸಿನ ಸದ್ದು ಕೇಳಿದರೆ ನನ್ನ ಕೈ ಮೆಷಿನ್ ಮೇಲೆ ನಿಂತುಬಿಡುತ್ತದೆ. ಅವತ್ತು ಚಾಟಿನ ವಿಷಯವನ್ನೆಲ್ಲ ತಾನಾಗಿಯೇ ಹೇಳಿಕೊಂಡ ಮಗಳಿಗೇ ನಾನು ಹೊಡೆದೆ. ಅದಕ್ಕೆ ನನಗೆ ನಾಚಿಕೆಯಿದೆ.

ತಮ್ಮ ಕಚೇರಿಗೆ ಬಂದು ಇಷ್ಟನ್ನೂ ಹೇಳಿದೆ. ಆ ಸೆಂಟರಿನಲ್ಲಿ ಪರದೆ ಏಕೆ, ಯಾರು ಬಂದರು ಹೋದರು ಎಂದು ನೋಡುವವರು ಏಕಿಲ್ಲ ಎಂದು ಕೇಳಿದೆ. ತಾವು ಕುರ್ಚಿಯಿಂದ ಏಳದೆಯೇ, ಹೆಣ್ಣು ಮಗು ಅಲ್ವೇನಮ್ಮ, ಮನೆಯಲ್ಲಿಟ್ಟುಕೊಳ್ಳಿ ಅಂದಿರಿ. ವಾರದೊಳಗೆ ಆದೇಶ ಬಂತು. ಪರದೆ ಇದ್ದಲ್ಲೇ ಇದೆ. ಗಂಡುಮಕ್ಕಳು ಅದರ ಹಿಂದೆಯೇ ಕೂತಿದ್ದಾರೆ. ಅವರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ ಎಂದು ತಮಗೆ ಬರೆದುಕೊಟ್ಟವರು ಯಾರು? ಹೊದಿಕೆಯೊಳಗಿನ ಕಂಪ್ಯೂಟರಿನಿಂದಲೂ ಹುಡುಗಿಯರನ್ನು ಕಾಪಾಡಿದ ತಮ್ಮ ದೂರದೃಷ್ಟಿಗೆ ಏನು ಹೇಳಲಿ?

ತರಗತಿಯ ಹುಡುಗಿಯರೆಲ್ಲ ನಿನ್ನಿಂದಲೇ ಹೀಗಾಯಿತು ಎಂದು ಪಂಚಮಿಯ ಜೊತೆ ಮಾತು ಬಿಟ್ಟಿದ್ದಾರೆ. ಎಲ್ಲರೂ ಅಲ್ಲ, ಒಬ್ಬಳು ಬಿಟ್ಟಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಪಂಚಮಿ ತಟ್ಟೆ ನೋಡುತ್ತಾ ಹೇಳಿದಳು, ಆ ಹುಡುಗಿಗೂ ಅಂಥದೇ ಒಬ್ಬ ‘ಗೆಳತಿ’ ಇದ್ದಾಳೆ, ಈ ಶನಿವಾರ ನೋಡಲು ಬರುತ್ತೇನೆ ಅಂದಿದ್ದಾಳೆ ಎಂದು. ಯಾರು ಆ ಹುಡುಗಿ ಎಂದು ಕೇಳಿದೆ. ಬೇಡಿಕೊಂಡೆ.

“ಹೇಳಿದ್ರೆ ಎಂತ ಆಗ್ತದೆ ಅಂತ ನೋಡಿದ್ಯಲ್ಲ ಅಮ್ಮ. ಅವಳನ್ನ ಶಾಲೆನೇ ಬಿಡಿಸ್ತಾರೆ. ನಾ ಹೇಳಲ್ಲ.”

ಮಾನ್ಯರೇ, ತಮ್ಮ ಆದೇಶ ಮಕ್ಕಳಿಗೆ ಕಲಿಸಿದ್ದು ಇದನ್ನು. ಹೇಳಿದವಳಿಗೇ ಶಿಕ್ಷೆ. ಹಾಗಾಗಿ ಈ ಶನಿವಾರದೊಳಗೆ ಆದೇಶವನ್ನು ವಾಪಸ್ ಪಡೆಯಿರಿ. ಏನನ್ನು ಹೇಳಿಕೊಂಡರೂ ಶಾಲೆ ಬಿಡಿಸುವುದಿಲ್ಲ ಎಂದು ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಎದುರು ಓದಿಸಿ. ಏನು ಕೇಳಬೇಕು, ಹೇಗೆ ನೋಡಬೇಕು ಎಂದು ನಮ್ಮಂಥ ತಂದೆತಾಯಿಗಳನ್ನು ಕೂರಿಸಿ ಕನ್ನಡದಲ್ಲಿ ಹೇಳಿಕೊಡಿ, ಕಲಿಯುತ್ತೇವೆ. ಪರದೆ ತೆಗೆಸಲು ತಮ್ಮ ಒಂದು ಸಾಲಿನ ಪತ್ರ ಸಾಕು, ಕತ್ತರಿ ನಾನು ತರುತ್ತೇನೆ. ಆದೇಶ ರದ್ದಾದ ದಿನ ಹೆಸರು ಹೇಳುತ್ತೇನೆ ಎಂದು ಮಗಳು ಮಾತು ಕೊಟ್ಟಿದ್ದಾಳೆ. ಆ ಹುಡುಗಿ ಯಾವ ಬಸ್ಸಿನಿಂದ ಎಲ್ಲಿ ಇಳಿಯುತ್ತಾಳೋ ನನಗೆ ಗೊತ್ತಿಲ್ಲ. ಎಲ್ಲ ಸ್ಟಾಪಿನ ಎದುರೂ ಲಕ್ಕಯ್ಯನವರ ಹೋಟೆಲು ಇರುವುದಿಲ್ಲ.

ಇಂತಿ,
ಓದದೆ ಸಹಿ ಹಾಕಿದ, ಕೇಳದೆ ಪರದೆ ಹೊಲಿದ
ಪ್ರೇಮಕುಮಾರಿ
ಕೊಟ್ಟಿಗೆಹಾರ, ಆಗಸ್ಟ್ 2007