ಕಪ್ಪು ಪಟ್ಟಿಯ ಅಡಿಯ ಬೌಲರ್

17 ನವೆಂಬರ್ 2024, ರವಿವಾರ. ಬೈಲಹೊಂಗಲ

ಇದನ್ನು ಬರೆಯದೇ ಬಿಡುವವಳಿದ್ದೆ. ಡೈರಿಯಲ್ಲಿ ಕೂಡ. ಕಪ್ಪು ಪಟ್ಟಿಯ ಅಡಿಯಲ್ಲಿ ಒಬ್ಬ ಮನುಷ್ಯ ಇದ್ದಾನೆಂದು ನನಗೆ ಹತ್ತು ವರ್ಷದಿಂದ ಗೊತ್ತು.

2014ರಲ್ಲಿ ಸ್ಕ್ಯಾನ್ ಮಾಡಲು ಮನೆಯ ಕ್ರಿಕೆಟ್ ಫೋಟೋದ ಫ್ರೇಮ್ ಬಿಚ್ಚಿದ್ದೆ. ಅಜ್ಜ ಕಟ್ಟು ಹಾಕಿಸುವಾಗ ಬಲ ಅಂಚಿಗೆ ಮೂರು ಬೆರಳಗಲದ ಕಪ್ಪು ಕಾಗದ ಅಂಟಿಸಿದ್ದರು. ಅದು ಅರ್ಧ ಎದ್ದು ಬಂತು. ಒಂದು ಮೊಣಕಾಲು, ಒಂದು ಕೈ, ಕೈಯಲ್ಲಿ ಚೆಂಡು. ನೆಲದ ಮೇಲೆ ಕುಳಿತವನು. ಚೆಂಡು ಹೆಕ್ಕುವ ಆಳು ಎಂದುಕೊಂಡೆ. ಕಾಗದ ಮತ್ತೆ ಒತ್ತಿದೆ, ಸ್ಕ್ಯಾನಿನಲ್ಲಿ ಆ ಅಂಚನ್ನು ಕ್ರಾಪ್ ಮಾಡಿದೆ. ಚಂದ ಕಾಣಲಿ ಎಂದು... ಅಷ್ಟೇನಾ?

ಇವತ್ತೂ ಎಂದಿನ ರವಿವಾರದಂತೆ ಟೇಬಲ್ ಲ್ಯಾಂಪ್, ಲೆನ್ಸ್, ಇಂಗ್ಲೆಂಡಿನ ಸಂಗ್ರಹಾಲಯ ಕಳಿಸಿದ ಮೂರು ಚಿತ್ರ. ಹೆಸರಿಲ್ಲದ ಹಳೆಯ ಆಟದ ಫೋಟೋಗಳ ಊರು, ವರ್ಷ ಪತ್ತೆ ಹಚ್ಚುವುದು ನನ್ನ ಹವ್ಯಾಸ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ಉಳಿದ ಸಮಯದ್ದು. ಜೊತೆಗೆ ಒಂದು ಮೇಲ್: ಕ್ಯಾಟಲಾಗ್ ಅಚ್ಚಾಗುತ್ತಿದೆ. 2014ರಲ್ಲಿ ನಿಮ್ಮ ಮನೆಯ ಫೋಟೋದ ಜೊತೆ ನೀವು ಕೊಟ್ಟ ವಿವರ ಖಚಿತವೇ? ಜನವರಿ ಕೊನೆಯೊಳಗೆ ಪೂರ್ಣ ಪ್ರಿಂಟ್ ಮತ್ತು ಸಹಿ ಮಾಡಿದ ಪತ್ರ ಅಂಚೆಯಲ್ಲಿ ಕಳಿಸಿ.

ನಾನು ಕೊಟ್ಟಿದ್ದ ವಿವರ: ‘ಬೆಳಗಾವಿ, 1881. ಕುರ್ಚಿಯಲ್ಲಿ ಏಳು ವಿಕೆಟ್ ಪಡೆದ ಬೌಲರ್ ಕಾಡಪ್ಪ ಪಟ್ಟಣಶೆಟ್ಟಿ.’

ಕಾಡಪ್ಪ ನನ್ನ ಮುತ್ತಜ್ಜನ ತಂದೆ. ಹತ್ತಿ ವ್ಯಾಪಾರಿ. ಫೋಟೋದಲ್ಲಿ ಬಲಗೈಯನ್ನು ಶಲ್ಯದೊಳಗೆ ಇಟ್ಟುಕೊಂಡು ಗತ್ತಿನಿಂದ ಕುಳಿತಿದ್ದಾನೆ. ನನ್ನ ತಮ್ಮ ನಿಂಗರಾಜ ಜನವರಿ 26ಕ್ಕೆ ಕಾಡಪ್ಪನ ಹೆಸರಿನ ಕ್ರಿಕೆಟ್ ಕಪ್ ಶುರು ಮಾಡುತ್ತಿದ್ದಾನೆ. ಬ್ಯಾನರ್ ಪ್ರಿಂಟಿಗೆ ಹೋಗಿದೆ.

24 ನವೆಂಬರ್, ರವಿವಾರ

ನಿಂಗರಾಜನ ಮನೆಯಿಂದ ಫ್ರೇಮ್ ತಂದೆ. ಕುಕ್ಕರಿನ ಉಗಿ ಹಿಡಿದು ಪಟ್ಟಿ ಪೂರ್ತಿ ತೆಗೆದೆ. ನಿಧಾನ, ಒಂದು ತಾಸು.

ತರುಣ. ಬರಿಗಾಲು, ತಲೆಗೆ ರುಮಾಲು. ಸಾಹೇಬರು, ನಮ್ಮವರು ಎಲ್ಲ ಕ್ಯಾಮೆರಾ ನೋಡುತ್ತಿದ್ದಾರೆ. ಇವನೂ ನೋಡುತ್ತಿದ್ದಾನೆ, ತುಸು ಗದ್ದ ಎತ್ತಿ. ಅವನ ಹಿಂದೆ, ಪಟ್ಟಿ ಮುಚ್ಚಿದ್ದ ಜಾಗದಲ್ಲಿ — ಎರಡು ಗುಡ್ಡ, ನಡುವೆ ಕೊಯ್ದಂತೆ ಒಂದು ಸಂದು. ಬೆಳಗಾವಿಯಲ್ಲಿ ಇಂಥ ಸಂದು ಎಲ್ಲಿದೆ?

ರಟ್ಟಿನ ಹಿಂದೆ ಬೆಳಗಾವಿಯ ಫೋಟೋಗ್ರಾಫರನ ಮುದ್ರೆ ಇದೆ. ಮುದ್ರೆ ಹೇಳುವುದು ಅಂಗಡಿಯ ಊರನ್ನು, ಆಟದ ಊರನ್ನಲ್ಲ. ಮೊದಲ ಪಾಠವಿದು. ಬೇರೆಯವರ ಫೋಟೋಗಳಲ್ಲಿ ಎಷ್ಟು ಜನರಿಗೆ ತಿದ್ದಿ ಹೇಳಿದ್ದೇನೆ. ನಮ್ಮ ಮನೆಯ ಫೋಟೋ ಬಂದಾಗ ಮರೆತೆ.

ಹಿಂದೆ ಪೆನ್ಸಿಲಿನಲ್ಲಿ ಒಂದೇ ಸಾಲು ಇಂಗ್ಲಿಷ್: ಕ್ರಿಸ್‌ಮಸ್ ವಾರ, ಬೌಲರ್ ಏಳು ತೆಗೆದ. ಹೆಸರಿಲ್ಲ. ವರ್ಷವಿಲ್ಲ. 1881 ಎನ್ನುವುದು ಮನೆಯ ಮಾತು.

1 ಡಿಸೆಂಬರ್, ರವಿವಾರ. ಸಂಜೆ 6

ಹೊಳೆ ಗುಡ್ಡವನ್ನು ಕೊಯ್ದು ಹರಿಯುವ ನವಿಲುತೀರ್ಥಕ್ಕೆ ಹೋಗಿಬಂದೆ. ಫೋಟೋ ಎತ್ತಿ ಹಿಡಿದು ಹಿಂದೆ ಮುಂದೆ ನಡೆದೆ. ಎಡಗುಡ್ಡದ ಹೆಗಲು ಕೂಡಿತು. ಬಲಗುಡ್ಡದ ಮೊಂಡು ಮೂಗು ಕೂಡಿತು. ಫೋಟೋದಲ್ಲಿ ಆಕಾಶವಿರುವ ಕಡೆ ಈಗ ಡ್ಯಾಮಿನ ಗೋಡೆ, ಅಷ್ಟೇ ವ್ಯತ್ಯಾಸ.

ಊರು ಸಿಕ್ಕಿತು.

ಹತ್ತಿರದ ಬಯಲಿನಲ್ಲಿ ಹುಡುಗಿಯರಿಗೆ ಬೌಲಿಂಗ್ ಹೇಳಿಕೊಡುತ್ತಿದ್ದವಳು ಬಂದು, ಏನು ಅಳೀತೀರಿ ಎಂದು ಕೇಳಿದಳು. ರೇಣು. ಮುನವಳ್ಳಿ ಹೈಸ್ಕೂಲಿನ ಪಿ.ಟಿ. ಟೀಚರ್. ಫೋಟೋ ತೋರಿಸಿದೆ. ನೆಲದ ಮೇಲಿನವನನ್ನು ಚೆಂಡು ಹೆಕ್ಕುವ ಆಳು ಎಂದೆ. ಲೆನ್ಸ್ ಇಸಿದುಕೊಂಡು ಅವನ ಕೈಯನ್ನೇ ನೋಡಿದಳು.

“ಹೆಕ್ಕಾವ ಹಿಂಗ ಹಿಡಿಯಂಗಿಲ್ರಿ ಮೇಡಮ್. ಬೆರಳ ನೋಡ್ರಿ. ಹೊಲಿಗಿ ಎರಡೂ ಕಡೆ ಎರಡು, ಹೆಬ್ಬಟ್ಟು ಬುಡಕ. ಇಷ್ಟು ಕಲಸಾಕ ನನಗ ಈ ಹುಡಿಗ್ಯಾರ ಕೂಡ ಒಂದ್ ವರ್ಷ ಹಿಡೀತೈತಿ.”

ಕುರ್ಚಿಯಲ್ಲಿರುವವನೇ ಬೌಲರ್ ಎಂದು ಹಿಂದೆ ಬರೆದುಕೊಟ್ಟಿದ್ದೆ ಎಂದಷ್ಟೇ ಹೇಳಿದೆ. ನಕ್ಕಳು.

“ಕುರ್ಚಿ ಮ್ಯಾಲೆ ಕುಂತಾವ ಬೌಲರ್, ಚೆಂಡು ಹಿಡದಾವ ಆಳು. ಛಲೋ ಐತ್ರಿ ನಿಮ್ಮ ರಿಸರ್ಚ್.”

ಫೋಟೋದಲ್ಲಿ ಆಟಗಾರರ ಹಿಂದೆ ಒಂದು ಬಂಗಲೆ, ಅದರ ಬಾಗಿಲ ಮೇಲಿನ ಕಲ್ಲಿನಲ್ಲಿ ಎರಡು ನವಿಲು. ಆ ಬಂಗಲೆ ಎಲ್ಲಿ ಎಂದು ಕೇಳಿದೆ. ಬಂಗಲೆ ಬಿದ್ದು ಹೋಗಿದೆ, ಕಲ್ಲು ಬೇಕಾದರೆ ತೋರಿಸುತ್ತೇನೆ ಎಂದಳು. ಮುನವಳ್ಳಿಯಲ್ಲಿ ಅವಳ ದೊಡ್ಡಮ್ಮ ತಾಯವ್ವನ ಹಿತ್ತಲು. ಅರಿವೆ ಒಗೆಯುವ ಕಲ್ಲು. ಸೋಪಿನ ನೊರೆ ಸರಿಸಿದರೆ ಒಂದು ನವಿಲು, ಇನ್ನೊಂದರ ಬಾಲ, ನಡುವೆ ಕಟ್ಟಿದ ಇಸವಿ — 1889.

ಅಂದರೆ ಫೋಟೋ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಕಾಡಪ್ಪನ ಗದ್ದುಗೆಯ ಕಲ್ಲಿನ ಪ್ರಕಾರ ಅವನು ತೀರಿಕೊಂಡದ್ದು 1894ರ ಫೆಬ್ರುವರಿ. 1889ರಿಂದ 1893ರೊಳಗಿನ ಯಾವುದೋ ಕ್ರಿಸ್‌ಮಸ್.

ತಾಯವ್ವ ಕೈ ಒರೆಸಿಕೊಂಡು ಫೋಟೋ ಹಿಡಿದಳು. ನೆಲದ ಮೇಲೆ ಕುಳಿತವನ ಮೇಲೆ ಬೆರಳಿಟ್ಟಳು.

“ನಮ್ಮ ಮುತ್ಯಾನ ಅಪ್ಪ, ಭೀಮಶಿ. ಶೆಟ್ಟರ ಕುದರಿ ನೋಡ್ಕೋತಿದ್ದ. ಚೆಂಡು ಒಗದು ಏಳು ಮಂದೀನ ಔಟ್ ಮಾಡಿದ, ಫೋಟೋದಾಗ ಕುಂಡ್ರಿಸಿದ್ರು ಅಂತ ನಮ್ಮಪ್ಪ ಹೇಳತಿದ್ದ. ನಾವು ನಗತಿದ್ವಿ.”

ಪೆನ್ಸಿಲಿನ ಸಾಲನ್ನು ನಾನು ಅವರಿಗೆ ಹೇಳಿರಲಿಲ್ಲ. ಏಳು ಎನ್ನುವ ಮಾತನ್ನೇ ಎತ್ತಿರಲಿಲ್ಲ.

ಚಹಾ ಕೊಟ್ಟರು. ಅಜ್ಜ ಇದ್ದಿದ್ದರೆ ಏನನ್ನುತ್ತಿದ್ದರೋ ಎಂಬ ಯೋಚನೆ ಬಂತು. ಬೇಡ. ಅಜ್ಜನ ಮೇಲೆ ಹಾಕುವುದು ಸುಲಭ. ಕ್ರಾಪ್ ಮಾಡಿದ ಬೆರಳು ನನ್ನದು.

8 ಡಿಸೆಂಬರ್, ರವಿವಾರ

ಸುರೇಬಾನ. ಅಪ್ಪನ ಅಕ್ಕ ಶಟ್ಟೆವ್ವ ಅತ್ತೆಯ ಮನೆ. ರಾಮದುರ್ಗದಲ್ಲಿ ಬಸ್ ಬದಲಿಸಿ ಹೋದೆ. ಎಂಬತ್ತನಾಲ್ಕು ವರ್ಷ, ನೆನಪು ನನಗಿಂತ ಚೊಕ್ಕ. ಕಾಡಪ್ಪ ಬಲಗೈಯನ್ನು ಶಲ್ಯದೊಳಗೆ ಯಾಕೆ ಇಟ್ಟುಕೊಂಡಿದ್ದಾನೆ ಎಂದು ಕೇಳಿದೆ. ಗತ್ತು ಅಂತ ಅಂದುಕೊಂಡಿದ್ದೆ ಎಂದೆ.

“ಎಲ್ಲೀ ಗತ್ತ? ಕುದರಿ ಮ್ಯಾಲಿಂದ ಬಿದ್ದು ಬಲಗೈ ರಟ್ಟಿ ಹೋಗಿತ್ತು. ನಮ್ಮ ಮುತ್ಯಾ ಹುಟ್ಟಿದ ವರ್ಷ. ಎಡಗೈಯೊಳಗ ಲಿಂಗ ಇಟ್ಕೊಂಡ್ರ ಬಲಗೈ ಮ್ಯಾಲೆ ಏಳತಿರಲಿಲ್ಲಂತ. ಪತ್ರಿ ಏರಸಾಕಿ ಹೆಂಡ್ತಿ. ಎಡಗೈಲೆ ಉಣಬೇಕಾಗತೈತಿ ಅಂತ ಮಂದಿ ಪಂಗತಿಯೊಳಗೂ ಕುಂಡ್ರತಿರಲಿಲ್ಲ.”

ಆ ಮುತ್ಯಾ, ಅಂದರೆ ನನ್ನ ಮುತ್ತಜ್ಜ, ಹುಟ್ಟಿದ್ದು 1887. ಮನೆಯ ಪುಸ್ತಕದಲ್ಲಿ ತಿಥಿ ಸಹಿತ ಇದೆ.

ಪೂಜೆಯಲ್ಲಿ ಒಂದು ಪತ್ರೆ ಎತ್ತಲಾರದ ಕೈ ಎರಡು ವರ್ಷದ ಮೇಲೆ ಏಳು ವಿಕೆಟ್ ತೆಗೆಯಿತೇ? 1881 ಎಂದಿದ್ದರೆ ನಡೆಯುತ್ತಿತ್ತು. ಇನ್ನು ನಡೆಯುವುದಿಲ್ಲ.

ಕಪ್ಪು ಪಟ್ಟಿ ಯಾಕೆ ಎಂದೆ. ಅತ್ತೆ ಕಿಟಕಿಯ ಕಡೆ ನೋಡುತ್ತಾ ಹೇಳಿದಳು, “ದೇವರ ಫೋಟೋದ ಸಾಲಿನ್ಯಾಗ ತೂಗಹಾಕೋದಿತ್ತವಾ. ಕೇರಿಯಾಂವ ಬ್ಯಾಡ ಅಂದ ನಮ್ಮಪ್ಪ.” ಆಮೇಲೆ ತಾನೇ ಆ ಕಾಗದಕ್ಕೆ ಗಂಜಿ ಹಚ್ಚಿಕೊಟ್ಟದ್ದನ್ನೂ ಹೇಳಿದಳು. ಆಗ ಏಳು ವರ್ಷದವಳು.

5 ಜನವರಿ 2025, ರವಿವಾರ

ನಾಲ್ಕು ವಾರ ಏನೂ ಬರೆದಿಲ್ಲ. ಪರೀಕ್ಷೆ ಪೇಪರ್ ಇದ್ದವು. ಸುಳ್ಳು — ಇದ್ದವು, ಆದರೆ ಅದಕ್ಕಲ್ಲ. ನಿಂಗರಾಜನಿಗೆ ಹೇಳಬೇಕಿತ್ತು.

ಇವತ್ತು ಹೇಳಿದೆ. ಕಲ್ಲು, ಗುಡ್ಡ, ರಟ್ಟೆ, ಎಲ್ಲ. ಕೊನೆತನಕ ಕೇಳಿದ, ಅಷ್ಟಾದರೂ ಕೇಳಿದ. ಕ್ರಿಕೆಟ್ ಕಪ್ ಮೇಲೆ ಕಾಡಪ್ಪನ ಹೆಸರು ಕೊರೆಸಿ ಆಗಿದೆ ಎಂದ.

“ನೂರಾ ಮೂವತ್ತು ವರ್ಷದ ಮಾತ ಅಕ್ಕಾ. ಇವತ್ತ ಯಾರಿಗೆ ಬೇಕಾಗೇತಿ?”

“ನಿನಗ ಬೇಕಾಗೇತೆಲ್ಲ. ಅದಕ್ಕ ಕೊರಿಸೀದಿ.”

ಸಿಟ್ಟಿನಲ್ಲಿ ಎದ್ದ. ಫ್ರೇಮ್ ಬಗಲಲ್ಲಿ ಇಟ್ಟುಕೊಂಡ. ಬಾಗಿಲಲ್ಲಿ ನಿಂತು, “ಬರಿಯೋದಿದ್ರ ಬರಿ. ಪಟ್ಟಣಶೆಟ್ಟಿ ಅಂತ ಸಹಿ ಮಾಡಬ್ಯಾಡ,” ಎಂದ.

ಒಯ್ಯಲಿ. ಈ ಸಲದ ಸ್ಕ್ಯಾನ್ ನಾಲ್ಕೂ ಅಂಚಿನದು. ಹುಬ್ಬಳ್ಳಿಯಿಂದ ಮೂರು ಪ್ರಿಂಟ್ ಬಂದಿವೆ. ಒಂದನ್ನು ತಾಯವ್ವನಿಗೆ ಕೊಟ್ಟೆ. ಅವಳು ಅದನ್ನು ಎಲ್ಲಿ ಹಾಕಿದಳೆಂದು ನಾನು ನೋಡಲಿಲ್ಲ. ಅದು ಅವಳ ಗೋಡೆ.

10 ಜನವರಿ, ಶುಕ್ರವಾರ

ಪತ್ರದ ಮೂರನೇ ಕರಡು. ‘ಭೀಮಶಿ’ಯ ಮೊದಲು ‘ಬಹುಶಃ’ ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ. ಬಾಯಿಮಾತು ಪುರಾವೆಯೇ? ಆದರೆ ಕಾಡಪ್ಪನನ್ನು ಬೌಲರ್ ಮಾಡಿದ್ದೂ ಬಾಯಿಮಾತೇ. ಆಗ ನನ್ನ ಕೈಗೆ ‘ಬಹುಶಃ’ ಹೊಳೆಯಲಿಲ್ಲ. ಈಗ ಯಾಕೆ ಇಷ್ಟು ಬೇಗ ಹೊಳೆಯುತ್ತದೆ?

ಕೊನೆಗೆ ಹೀಗೆ ಬರೆದೆ: ‘ನವಿಲುತೀರ್ಥ. ಕ್ರಿಸ್‌ಮಸ್ ವಾರ, 1889–1893. ನೆಲದ ಮೇಲೆ, ಚೆಂಡಿನೊಂದಿಗೆ: ಭೀಮಶಿ, ಏಳು ವಿಕೆಟ್ ಪಡೆದ ಬೌಲರ್. ಹೆಸರಿನ ಆಧಾರ, ಅವನ ಮರಿಮೊಮ್ಮಗಳು ತಾಯವ್ವ. ಕುರ್ಚಿಯಲ್ಲಿ: ಕಾಡಪ್ಪ ಪಟ್ಟಣಶೆಟ್ಟಿ. ಬೌಲ್ ಮಾಡಿಲ್ಲ.’

12 ಜನವರಿ, ರವಿವಾರ. ಬೆಳಿಗ್ಗೆ 11

ರೇಣುಗೆ ಫೋನಿನಲ್ಲಿ ಪತ್ರವನ್ನು ಕನ್ನಡ ಮಾಡಿ ಓದಿದೆ. ಪೂರ್ತಿ ಕೇಳಿಸಿಕೊಂಡಳು.

“ನಿಮ್ಮಜ್ಜ ಪಟ್ಟಿ ಹಚ್ಚಿದ್ದು ಬರದೀರಿ. ಕ್ರಾಪ್ ಮಾಡಿದ್ದು ಎಲ್ಲೈತ್ರಿ?”

ಇರಲಿಲ್ಲ. ‘ಹಿಂದಿನ ಸ್ಕ್ಯಾನ್ ಅಪೂರ್ಣವಾಗಿತ್ತು’ ಎಂದಿತ್ತು. ತಾನೇ ಅಪೂರ್ಣವಾದಂತೆ. ನವೆಂಬರಿನಲ್ಲಿ ಈ ಡೈರಿಗೆ ಒಪ್ಪಿಸಿದ್ದನ್ನು ಅಲ್ಲಿ ಮತ್ತೆ ಮುಚ್ಚಿದ್ದೆ.

ಹಾಳೆ ಬದಲಿಸಿದೆ. ಈಗ ಅದೇ ಮೊದಲ ಸಾಲು: ‘2014ರಲ್ಲಿ ಈ ಮನುಷ್ಯನನ್ನು ನೋಡಿದ್ದೆ; ನಾನೇ ಅವನನ್ನು ಕತ್ತರಿಸಿದೆ.’ ಕೆಳಗೆ ಸಹಿ. ಶೈಲಜಾ ಪಟ್ಟಣಶೆಟ್ಟಿ, ಪೂರ್ತಿ ಹೆಸರು, ಬಿಡಿಸಿ ಓದುವಂತೆ. ತಪ್ಪು ಈ ಹೆಸರಿನಿಂದ ಹೋಗಿತ್ತು. ತಿದ್ದುಪಡಿಯೂ ಇದೇ ಹೆಸರಿನಿಂದ ಹೋಗಲಿ. ನಿಂಗರಾಜನಿಗೆ ಒಂದು ಪ್ರತಿ, ಅವನ ಗೇಟಿನ ಡಬ್ಬಿಗೆ ನಾನೇ ಹಾಕಿಬಂದೆ.

ಇವತ್ತು ಪೋಸ್ಟ್ ಆಫೀಸ್ ಇಲ್ಲ. ಮಂಗಳವಾರ ಸಂಕ್ರಾಂತಿ. ಲಕೋಟೆ ಅಂಟಿಸಿ ಆಗಿದೆ, ಒಳಗೆ ರಟ್ಟು, ರಟ್ಟಿನ ನಡುವೆ ಭೀಮಶಿ. ನಾಳೆ, ಸೋಮವಾರ, 13 ಜನವರಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತೇನೆ.